ಬಿ ಫಾರಂ ಬರುವ ದಾರಿ

ಕೆ.ಜಿ.ಎಫ್., ಅಂದರೆ ಕೋಲಾರ ಚಿನ್ನದ ಗಣಿ, ವಿಧಾನಸಭಾ ಕ್ಷೇತ್ರದಿಂದ ಗೆದ್ದವರ ಪಟ್ಟಿಯನ್ನು, ಕ್ಷೇತ್ರದ ಹೆಸರು ಮುಚ್ಚಿ, ಪರ ಊರಿನವರ ಕೈಗೆ ಕೊಟ್ಟು ನೋಡಿ. ಮೂರು ನಾಲ್ಕು ರಾಜ್ಯಗಳ ಚೀಟಿಗಳು ಕಲಸಿಹೋಗಿವೆ ಅಂದುಕೊಳ್ಳುತ್ತಾರೆ. 1952ರಲ್ಲಿ ಕಮ್ಯುನಿಸ್ಟ್ ಪಕ್ಷದ ಕೆ.ಎಸ್. ವಾಸನ್. 1957ರಲ್ಲಿ ಅದೇ ಪಕ್ಷದ ಎಂ.ಸಿ. ನರಸಿಂಹನ್. 1978ರಲ್ಲಿ ರಿಪಬ್ಲಿಕನ್ ಪಕ್ಷದ ಸಿ.ಎಂ. ಆರ್ಮುಗಂ. 1983ರಲ್ಲಿ ಅಣ್ಣಾ ಡಿಎಂಕೆಯ ಎಂ. ಭಕ್ತವತ್ಸಲಂ, 1985ರಲ್ಲಿ ಸಿಪಿಎಂನ ಟಿ.ಎಸ್. ಮಣಿ, 1989ರಲ್ಲಿ ಮತ್ತೆ ಭಕ್ತವತ್ಸಲಂ, 1994ರಲ್ಲಿ ರಿಪಬ್ಲಿಕನ್ ಪಕ್ಷದ ಎಸ್. ರಾಜೇಂದ್ರನ್, 1999ರಲ್ಲಿ ಇನ್ನೊಮ್ಮೆ ಭಕ್ತವತ್ಸಲಂ, 2004ರಲ್ಲಿ ಇನ್ನೊಮ್ಮೆ ರಾಜೇಂದ್ರನ್. ಕರ್ನಾಟಕವೆಲ್ಲ ಕಾಂಗ್ರೆಸ್ಸೋ ಜನತಾ ಪರಿವಾರವೋ ಎಂದು ಹೊಯ್ದಾಡುತ್ತಿದ್ದ ವರ್ಷಗಳಲ್ಲಿ ಈ ಒಂದು ಕ್ಷೇತ್ರ ಇಬ್ಬರನ್ನೂ ಬಾಗಿಲ ಹೊರಗೆ ನಿಲ್ಲಿಸಿತ್ತು.

2008ರಿಂದ ಪಟ್ಟಿಯ ಬಣ್ಣವೇ ಬೇರೆ. ಆ ವರ್ಷ ಬಿಜೆಪಿಯ ವೈ. ಸಂಪಂಗಿ, 2013ರಲ್ಲಿ ಅದೇ ಪಕ್ಷದಿಂದ ಅವರ ತಾಯಿ ವೈ. ರಾಮಕ್ಕ. 2018 ಮತ್ತು 2023ರಲ್ಲಿ ಕಾಂಗ್ರೆಸ್ಸಿನ ರೂಪಕಲಾ ಶಶಿಧರ್, ಅಂದರೆ ಕೋಲಾರದ ಸಂಸದರಾಗಿ ಏಳು ಸಲ ಗೆದ್ದ ಕೆ.ಎಚ್. ಮುನಿಯಪ್ಪನವರ ಮಗಳು. ಆ ಎರಡು ಚುನಾವಣೆಗಳಲ್ಲೂ ಬಿಜೆಪಿ ಅವರೆದುರು ನಿಲ್ಲಿಸಿದ್ದು ಸಂಪಂಗಿಯವರ ಮಗಳು ಅಶ್ವಿನಿಯವರನ್ನು. ಹಿಂದಿನ ಪಟ್ಟಿಯಲ್ಲಿ ಪಕ್ಷಗಳನ್ನು ಎಣಿಸಬೇಕಿತ್ತು, ಈಗಿನದರಲ್ಲಿ ಮನೆಗಳನ್ನು ಎಣಿಸಿದರೆ ಸಾಕು.

ಈ ಎರಡು ಪಟ್ಟಿಗಳನ್ನು ಅಕ್ಕಪಕ್ಕ ಇಟ್ಟುಕೊಂಡು ಪಕ್ಷಗಳ ಬಗ್ಗೆ ಒಂದಿಷ್ಟು ವಾದ ಮಾಡುವುದಿದೆ. ಏಕೆಂದರೆ ಬೆಳಗಿನ ಜಾವ ಮಾರಿಕುಪ್ಪಂನಿಂದ ಬೆಂಗಳೂರಿಗೆ ಹೊರಡುವ ರೈಲಿನಲ್ಲಿ ಬಂಗಾರಪೇಟೆ ದಾಟುವುದರೊಳಗೆ ಯಾರಾದರೊಬ್ಬರು ‘ಈ ಪಾರ್ಟಿಗಳೇ ಇರಬಾರದು ಸಾರ್, ಒಳ್ಳೆ ಮನುಷ್ಯನ್ನ ನೋಡಿ ಓಟು ಹಾಕೋ ಹಾಗಿರಬೇಕು’ ಎಂದೇ ಅನ್ನುತ್ತಾರೆ, ಸುತ್ತಲಿದ್ದವರು ತಲೆಯಾಡಿಸುತ್ತಾರೆ. ಆ ಬೇಸರ ನನಗೂ ಇದೆ, ಆದರೆ ತಲೆಯಾಡಿಸಲಾರೆ. ಪಕ್ಷವಿಲ್ಲದ ಪ್ರಜಾಪ್ರಭುತ್ವದ ರುಚಿಯನ್ನು ನಮ್ಮ ಜಿಲ್ಲೆ ಅಷ್ಟಿಷ್ಟು ಕಂಡಿದೆ, ಅದು ಸಿಹಿಯಾಗಿರಲಿಲ್ಲ.

ಮೊದಲು ಗಣಿಯ ಕಾಲಕ್ಕೆ ಹೋಗೋಣ. 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಬಂದ ಮೇಲೆ ಉತ್ತರ ಆರ್ಕಾಟಿನಿಂದಲೂ ಸುತ್ತಲ ಸೀಮೆಯಿಂದಲೂ ಇಲ್ಲಿಗೆ ಬಂದವರಲ್ಲಿ ದೊಡ್ಡ ಪಾಲು ದಲಿತರು. ಜಮೀನ್ದಾರನ ಹೊಲ ಬಿಟ್ಟು ಬಂದವರಿಗೆ ಕೂಲಿ ನಗದಿನಲ್ಲಿ ಸಿಕ್ಕಿತು. ಇರಲು ತಟ್ಟಿ ಗೋಡೆಯ ಲೈನ್ ಮನೆ, ಕೆಳಗಿಳಿದರೆ ಸಾವು ಎಂದು ಬರುತ್ತದೋ ತಿಳಿಯದ ಕತ್ತಲು. ಆದರೆ ಆ ಲೈನ್‌ಗಳಲ್ಲಿ ಇಪ್ಪತ್ತನೇ ಶತಮಾನದ ಮೊದಲ ದಶಕಗಳಲ್ಲೇ ಬೌದ್ಧ ಸಂಘ ಹುಟ್ಟಿತ್ತು. ಅಯೋತಿದಾಸ ಪಂಡಿತರ ಬೌದ್ಧ ಚಳವಳಿಗೆ ಮದರಾಸಿನಷ್ಟೇ ಗಟ್ಟಿಯಾದ ನೆಲೆ ಸಿಕ್ಕಿದ್ದು ಮಾರಿಕುಪ್ಪಂ, ಚಾಂಪಿಯನ್ ರೀಫ್‌ಗಳಲ್ಲಿ. ಅವರು ತೀರಿಕೊಂಡ ಮೇಲೆ ಅವರ ‘ತಮಿಳನ್’ ಪತ್ರಿಕೆಯನ್ನು ಅಪ್ಪಾದುರೈಯಾರ್ ಮತ್ತೆ ಹೊರತಂದದ್ದೂ ಇದೇ ಚಿನ್ನದ ಗಣಿಯಿಂದ. ಶಾಲೆಯ ಮುಖ ಸರಿಯಾಗಿ ನೋಡದವರು ಕೆಲಸ ಮುಗಿಸಿ ಬಂದು ಪತ್ರಿಕೆ ಓದಿಸಿಕೊಂಡು ಕೇಳುತ್ತಿದ್ದ ಜಾಗ ಇದು. ಪಕ್ಷ ಅನ್ನುವುದು ಬರೀ ನೆಲದಿಂದ ಏಳುವುದಿಲ್ಲ, ಮೊದಲು ಹೀಗೆ ಜನ ಒಂದೆಡೆ ಕೂರುವ ರೂಢಿ ಬೇಕು.

1930ರಲ್ಲಿ ಕಂಪನಿ ಕೂಲಿಗಳೆಲ್ಲರೂ ಬೆರಳಚ್ಚು ಕೊಟ್ಟು ನೋಂದಾಯಿಸಿಕೊಳ್ಳಬೇಕು ಎಂದಿತು. ಕಳ್ಳರಂತೆ ಬೆರಳು ಒತ್ತುವುದೇ ಎಂದು ಸಾವಿರಾರು ಜನ ಕೆಲಸ ಬಿಟ್ಟು ಕುಳಿತರು. ಅವರ ಹಿಂದೆ ಪಕ್ಷ ಇರಲಿಲ್ಲ, ಮಾನ್ಯತೆ ಪಡೆದ ಯೂನಿಯನ್ ಇರಲಿಲ್ಲ, ಹೆಸರು ಹೇಳಬಹುದಾದ ನಾಯಕನೂ ಇರಲಿಲ್ಲ. ಸುಮಾರು ಮೂರು ವಾರ ನಡೆದ ಮುಷ್ಕರಕ್ಕೆ ಕಂಪನಿ ಮಣಿಯಿತು. ಪಕ್ಷ ಬೇಡ ಅನ್ನುವವರಿಗೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಸಿಗಲಾರದು. ಆದರೆ ಮುಂದಿನ ವರ್ಷಗಳನ್ನೂ ನೋಡಬೇಕು. ಆ ಗೆಲುವನ್ನು ಜೋಪಾನ ಮಾಡುವವರು, ಮುಂದಿನ ಬೇಡಿಕೆಗೆ ಜೋಡಿಸುವವರು, ಮೈಸೂರಿನ ದಿವಾನರ ಮೇಜಿನ ತನಕ ಒಯ್ಯುವವರು ಯಾರೂ ಇರಲಿಲ್ಲ. ಮುಷ್ಕರಕ್ಕೆ ಬಲವಿತ್ತು, ನೆನಪಿನ ಪುಸ್ತಕ ಇರಲಿಲ್ಲ. ಆ ಪುಸ್ತಕವನ್ನು ಬರೆದಿಟ್ಟುಕೊಂಡವರು 1940ರ ದಶಕದಲ್ಲಿ ಬಂದ ಕಮ್ಯುನಿಸ್ಟರು ಮತ್ತು ಅಂಬೇಡ್ಕರರ ಪರಿಶಿಷ್ಟ ಜಾತಿಗಳ ಒಕ್ಕೂಟದವರು. 1946ರ ನವೆಂಬರ್ 4ರಂದು ಪೊಲೀಸರ ಗುಂಡಿಗೆ ಆರು ಜನ ಕಾರ್ಮಿಕರು ಬಿದ್ದರು. ಆ ದಿನವನ್ನು ಇವತ್ತಿಗೂ ಇಲ್ಲಿ ಸ್ಮರಿಸುತ್ತಾರೆ ಎಂದರೆ, ಸ್ಮರಿಸುವ ಕೆಲಸವನ್ನೇ ಹೊತ್ತುಕೊಂಡ ಒಂದು ಸಂಘಟನೆ ಇತ್ತು ಎಂದರ್ಥ.

ಇದೇ ತಾಲ್ಲೂಕಿನ ಇನ್ನೊಂದು ಅಂಚಿನಲ್ಲಿ ಕ್ಯಾಸಂಬಳ್ಳಿ ಇದೆ. ರಾಗಿಹೊಲ, ಹುಣಸೆಮರಗಳ ಈ ಊರಿನ ಚೆಂಗಲರಾಯ ರೆಡ್ಡಿ ವಕೀಲಿಕೆ ಓದಿ ಬಂದವರು. ಮೈಸೂರು ಸಂಸ್ಥಾನದಲ್ಲಿ ಮೊದಲ ರಾಜಕೀಯ ಪಕ್ಷ ಅನ್ನಬಹುದಾದ ಪ್ರಜಾಮಿತ್ರ ಮಂಡಳಿ 1917ರಲ್ಲಿ ಹುಟ್ಟಿತ್ತು, ಬ್ರಾಹ್ಮಣೇತರರಿಗೆ ಸರ್ಕಾರಿ ಹುದ್ದೆಗಳಲ್ಲಿ ಪಾಲು ಬೇಕೆಂದು. ಆಮೇಲೆ ಬಂದ ಪ್ರಜಾಪಕ್ಷದ ಕಟ್ಟಾಳುಗಳಲ್ಲಿ ರೆಡ್ಡಿಯವರೂ ಒಬ್ಬರು. ಎರಡೂ ಸೇರಿ ಪ್ರಜಾ ಸಂಯುಕ್ತ ಪಕ್ಷವಾಯಿತು, ಅದು 1937ರಲ್ಲಿ ಕಾಂಗ್ರೆಸ್ಸಿನಲ್ಲಿ ಕರಗಿತು. ಈ ವಿಲೀನವನ್ನು ಪಠ್ಯಪುಸ್ತಕಗಳು ಒಂದು ಸಾಲಿನಲ್ಲಿ ದಾಟಿಸಿಬಿಡುತ್ತವೆ. ನನಗೆ ಅದು ಮೈಸೂರಿನ ಪ್ರಜಾಪ್ರಭುತ್ವದ ಕೀಲು ಅನ್ನಿಸುತ್ತದೆ. ಅಲ್ಲಿಯವರೆಗೆ ಕಾಂಗ್ರೆಸ್ ಎಂದರೆ ಹೆಚ್ಚಾಗಿ ಪೇಟೆಯ ಓದಿದ ಜನ. ಹಳ್ಳಿಯ ರೈತರನ್ನು ಕರೆತಂದದ್ದು ಈ ವಿಲೀನ. ಮರುವರ್ಷ, 1938ರ ಏಪ್ರಿಲ್‌ನಲ್ಲಿ, ಶಿವಪುರದ ಧ್ವಜ ಸತ್ಯಾಗ್ರಹ ನಡೆಯಿತು, ಅದೇ ತಿಂಗಳು ಆಗಿನ ಕೋಲಾರ ಜಿಲ್ಲೆಗೇ ಸೇರಿದ್ದ ವಿದುರಾಶ್ವತ್ಥದಲ್ಲಿ ಗುಂಡು ಹಾರಿತು. 1947ರ ಅಕ್ಟೋಬರ್ 25ರಂದು ಮೈಸೂರಿನ ಮೊದಲ ಮುಖ್ಯಮಂತ್ರಿಯಾಗಿ ಪ್ರಮಾಣವಚನ ತೆಗೆದುಕೊಂಡದ್ದು ಇದೇ ಚೆಂಗಲರಾಯ ರೆಡ್ಡಿ, ಅಂದರೆ ಕೆ.ಸಿ. ರೆಡ್ಡಿ. ದಿವಾನರು ಮಹಾರಾಜರಿಗೆ ಉತ್ತರ ಹೇಳುತ್ತಿದ್ದರು. ಮುಖ್ಯಮಂತ್ರಿ ಸಭೆಗೆ ಉತ್ತರ ಹೇಳಬೇಕು. ಸಭೆಯಲ್ಲಿ ಬಹುಮತ ಅನ್ನುವ ಮಾತಿಗೆ ಅರ್ಥ ಬರಬೇಕಾದರೆ ‘ನಾವು ಇಷ್ಟು ಜನ ಒಟ್ಟಿಗೆ’ ಎಂದು ಮೊದಲೇ ಹೇಳಿ ಬಂದ ಒಂದು ಗುಂಪು ಇರಲೇಬೇಕು. ಪಕ್ಷ ಅಂದರೆ ಮೂಲತಃ ಅಷ್ಟೇ.

ಹೀಗೆ ಒಂದೇ ತಾಲ್ಲೂಕಿನಲ್ಲಿ ಎರಡು ಬಗೆಯ ಪಕ್ಷ ಬೆಳೆದವು. ಕ್ಯಾಸಂಬಳ್ಳಿಯ ಪಕ್ಷ ವಿಧಾನಸೌಧಕ್ಕೂ ದಿಲ್ಲಿಗೂ ಏಣಿ ಹಾಕಿಕೊಂಡಿತು. ಗಣಿಯ ಪಕ್ಷಗಳಿಗೆ ಲೈನ್‌ಗಳಲ್ಲಿ ಬೇರು ಇತ್ತು, ಏಣಿ ಇರಲಿಲ್ಲ.

ಬೇರು ಎಂದರೆ ಏನೆಂದು ಇಲ್ಲಿನ ಹಳಬರನ್ನು ಕೇಳಬೇಕು. ಪಕ್ಷಕ್ಕೊಂದು ಯೂನಿಯನ್, ಯೂನಿಯನ್ನಿಗೊಂದು ಕಚೇರಿ, ಕಚೇರಿಯ ಹೊರಗೆ ಒಂದು ಬೆಂಚು. ಗಣಿಯಲ್ಲಿ ಕಲ್ಲು ಬಿದ್ದು ಕಾಲು ಹೋದವನ ಪರಿಹಾರದ ಅರ್ಜಿ ಬರೆಯುವುದು ಅಲ್ಲೇ, ಸಿಲಿಕೋಸಿಸ್ ಆದವನ ಎಕ್ಸ್‌ರೇ ಹಿಡಿದು ವೈದ್ಯರ ಜೊತೆ ಜಗಳ ಮಾಡುವುದೂ ಅಲ್ಲಿನವರೇ. ಶಿಫ್ಟಿನ ನಡುವೆ ಶಾಸಕರೂ ಅಲ್ಲಿಗೆ ಬರಬೇಕಿತ್ತು, ಬಂದು ಬೈಸಿಕೊಳ್ಳಬೇಕಿತ್ತು. ಯೂನಿಯನ್ನುಗಳ ನಡುವಿನ ಕಚ್ಚಾಟ, ಪಕ್ಷ ಒಡೆದಾಗಲೆಲ್ಲ ಕಾರ್ಮಿಕರೂ ಹೋಳಾದದ್ದು, ಒಂದೇ ಲೈನಿನ ಎರಡು ಮನೆಗಳ ನಡುವೆ ಮಾತು ನಿಂತದ್ದು, ಇವೂ ನಿಜ. ಆ ಕಾಲವನ್ನು ಬಂಗಾರದ ಕಾಲ ಅನ್ನಲು ನನಗೆ ಮನಸ್ಸಿಲ್ಲ, ಊರು ಬಂಗಾರಪೇಟೆಯ ಪಕ್ಕದ್ದೇ ಆದರೂ.

ಅಣ್ಣಾ ಡಿಎಂಕೆಯ ಗೆಲುವನ್ನು ಕಂಡು ನಮ್ಮ ಕನ್ನಡದ ಪತ್ರಿಕೆಗಳು ಒಂದು ಕಾಲಕ್ಕೆ ಮೂಗು ಮುರಿದದ್ದುಂಟು. ಲೈನ್‌ಗಳ ಮನೆಮಾತು ತಮಿಳು, ಎಂಜಿಆರ್ ಸಿನಿಮಾ ಇಲ್ಲಿಯ ಟಾಕೀಸುಗಳಲ್ಲಿ ಮನೆದೇವರಂತೆ ಓಡಿದ್ದು ಹೌದು. ಅದರಲ್ಲಿ ನಾಡದ್ರೋಹವೇನೂ ಇರಲಿಲ್ಲ. ನನ್ನ ತಕರಾರು ಬೇರೆ. ಆ ಪಕ್ಷದ ಕೀಲಿಕೈ ಇದ್ದದ್ದು ಚೆನ್ನೈಯಲ್ಲಿ, ಅಲ್ಲಿ ಕೆ.ಜಿ.ಎಫ್.ನ ಒಂದು ಓಟೂ ಇರಲಿಲ್ಲ. ಕೆ.ಜಿ.ಎಫ್.ನ ಓಟು ಇದ್ದ ಬೆಂಗಳೂರಿನಲ್ಲಿ ಆ ಪಕ್ಷವೇ ಇರಲಿಲ್ಲ. 1983ರಿಂದ 2008ರ ತನಕ, ಕಾಲು ಶತಮಾನ, ರಾಜ್ಯವನ್ನು ಆಳುವ ಪಕ್ಷದ ಶಾಸಕರೊಬ್ಬರೂ ಈ ಊರಿಗೆ ಇರಲಿಲ್ಲ. ಸಭೆಯಲ್ಲಿ ಒಬ್ಬಂಟಿಯಾಗಿ ಎದ್ದು ನಿಂತ ಶಾಸಕ ಎಷ್ಟೇ ಚೆನ್ನಾಗಿ ಮಾತಾಡಲಿ, ಬಜೆಟ್ಟಿನ ದಿನ ಆತನ ಕೈ ಒಂದೇ.

ಏಣಿ ಇಲ್ಲದ್ದರ ಬೆಲೆ ತಿಳಿದದ್ದು ಗಣಿ ಮುಚ್ಚಿದಾಗ. 1956ರಲ್ಲಿ ಮೈಸೂರು ಸರ್ಕಾರ ಗಣಿಗಳನ್ನು ವಹಿಸಿಕೊಂಡಿತು, 1962ರಲ್ಲಿ ಅವು ಕೇಂದ್ರಕ್ಕೆ ಹೋದವು, 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಕಂಪನಿಯಾಯಿತು. ಒಂದು ಕಾಲಕ್ಕೆ 20,000ಕ್ಕೂ ಹೆಚ್ಚು ಜನ ದುಡಿದ ಗಣಿ, 3 ಕಿಲೋಮೀಟರಿಗೂ ಆಳಕ್ಕೆ ಇಳಿದ ಚಾಂಪಿಯನ್ ರೀಫ್, 2001ರ ಫೆಬ್ರವರಿ 28ಕ್ಕೆ ನಿಂತಿತು. ಅದಿರಿನಲ್ಲಿ ಚಿನ್ನ ಇಳಿದಿತ್ತು, ಖರ್ಚು ಏರಿತ್ತು. ಯಾವ ಪಕ್ಷವಿದ್ದರೂ ಗಣಿ ಇವತ್ತಿಗೂ ನಡೆಯುತ್ತಿತ್ತು ಎಂದು ನಾನು ಹೇಳಲಾರೆ. ಆದರೆ ಮುಚ್ಚುವ ರೀತಿ ಒಂದೇ ಇರುವುದಿಲ್ಲ. ಇನ್ನೊಂದು ಕೆಲಸ, ಮನೆಗಳ ಒಡೆತನ, ಸೈನೈಡ್ ದಿಬ್ಬಗಳ ದೂಳು, ಇವನ್ನು ಮುಚ್ಚುವ ಮೊದಲೇ ಮೇಜಿನ ಮೇಲಿಟ್ಟು ಚೌಕಾಸಿ ಮಾಡಬಹುದಿತ್ತು. ಆಗ ಸಂಸದರು ದಿಲ್ಲಿಯಲ್ಲಿ ವಿರೋಧ ಪಕ್ಷದವರು, ಶಾಸಕರು ಬೆಂಗಳೂರಿನಲ್ಲಿ ಒಂಟಿ ಪಕ್ಷದವರು. ಯೂನಿಯನ್ನುಗಳಿಗೆ ಉಳಿದದ್ದು ಕೋರ್ಟಿನ ಮೆಟ್ಟಿಲು. ಅದನ್ನು ಅವರು ವರ್ಷಗಟ್ಟಲೆ ಹತ್ತಿದರು.

ಕಾರ್ಮಿಕರನ್ನು ಇಳಿಸಿ ಏರಿಸುತ್ತಿದ್ದ ಗಣಿಯ ಕೇಜ್ ನೆನಪಾಗುತ್ತದೆ. ಕೆಳಗಿನ ಲೆವೆಲ್‌ನಲ್ಲಿ ನಿಂತವನು ಗಂಟೆಯ ಸಂಕೇತ ಕೊಡುತ್ತಿದ್ದ, ಮೇಲೆ ವೈಂಡಿಂಗ್ ಎಂಜಿನ್ ಹತ್ತಿರ ಕುಳಿತವನು ಅದನ್ನು ಕೇಳಿ ಕೇಜ್ ಎತ್ತುತ್ತಿದ್ದ. ಗಂಟೆ ಬೇಕು, ಎಂಜಿನ್ನೂ ಬೇಕು. ನಮ್ಮ ಹಳೆಯ ಪಕ್ಷಗಳಲ್ಲಿ ಗಂಟೆ ಚೆನ್ನಾಗಿ ಕೇಳುತ್ತಿತ್ತು, ಎತ್ತಲು ಎಂಜಿನ್ ಇರಲಿಲ್ಲ.

ಸರಿ, ಪಕ್ಷವನ್ನೇ ಬಿಟ್ಟು ‘ಒಳ್ಳೆ ಮನುಷ್ಯ’ನನ್ನು ಆರಿಸಿದರೆ? ಎಂ.ಎನ್. ರಾಯ್, ಜಯಪ್ರಕಾಶ ನಾರಾಯಣರಂಥವರು ಪಕ್ಷರಹಿತ ಪ್ರಜಾಪ್ರಭುತ್ವದ ಕನಸು ಕಂಡರು, ಅವರನ್ನು ಹಗುರಾಗಿ ತಳ್ಳಿಹಾಕುವಂತಿಲ್ಲ. ಆದರೆ ಪಕ್ಷೇತರರ ವಿಷಯದಲ್ಲಿ ಕೋಲಾರ ಜಿಲ್ಲೆಗೆ ಪುಸ್ತಕದ ಜ್ಞಾನ ಬೇಕಿಲ್ಲ. ಕೋಲಾರ ಕ್ಷೇತ್ರದಿಂದ ವರ್ತೂರು ಪ್ರಕಾಶ್ 2008ರಲ್ಲೂ 2013ರಲ್ಲೂ ಪಕ್ಷೇತರರಾಗಿ ಗೆದ್ದರು, ಮೊದಲ ಅವಧಿಯಲ್ಲಿ ಬಿಜೆಪಿ ಸರ್ಕಾರದಲ್ಲಿ ಮಂತ್ರಿಯೂ ಆದರು. ಮುಳಬಾಗಿಲಿನಲ್ಲಿ 2013ರಲ್ಲಿ ಕೊತ್ತೂರು ಮಂಜುನಾಥ್ ಪಕ್ಷೇತರರು. 2018ರಲ್ಲಿ ಕಾಂಗ್ರೆಸ್ಸಿನಿಂದ ಅವರು ಹಾಕಿದ ನಾಮಪತ್ರ ತಿರಸ್ಕೃತವಾಗಿ, ಅವರ ಬೆಂಬಲದಿಂದ ಎಚ್. ನಾಗೇಶ್ ಪಕ್ಷೇತರರಾಗಿ ಗೆದ್ದರು. ನಾಗೇಶ್ 2019ರ ಜೂನ್‌ನಲ್ಲಿ ಕುಮಾರಸ್ವಾಮಿ ಸರ್ಕಾರದ ಮಂತ್ರಿ, ಜುಲೈಯಲ್ಲಿ ಬೆಂಬಲ ವಾಪಸು, ಆಗಸ್ಟ್‌ನಲ್ಲಿ ಯಡಿಯೂರಪ್ಪ ಸರ್ಕಾರದ ಮಂತ್ರಿ. ಮೂರು ತಿಂಗಳಲ್ಲಿ ಎರಡು ಸರ್ಕಾರ. ಇದರಲ್ಲಿ ಕಾನೂನು ಮೀರಿದ್ದು ಏನೂ ಇಲ್ಲ. ಮುಳಬಾಗಿಲಿನ ಮತದಾರ ಯಾವ ಸರ್ಕಾರಕ್ಕಾಗಿ ಓಟು ಹಾಕಿದ್ದ ಎಂದು ಕೇಳಿದರೆ ಮಾತ್ರ ಉತ್ತರವಿಲ್ಲ. ಪಕ್ಷ ಮಾತು ತಪ್ಪಿದರೆ ಮುಂದಿನ ಸಲ ಅದರ ಗುರುತಿನ ಮೇಲೆ ಸಿಟ್ಟು ತೀರಿಸಿಕೊಳ್ಳಬಹುದು, ಗುರುತೇ ಇಲ್ಲದವನ ಮೇಲೆ ತೀರಿಸಿಕೊಳ್ಳುವುದು ಹೇಗೆ?

ಗ್ರಾಮ ಪಂಚಾಯಿತಿಯಲ್ಲಿ ಪಕ್ಷದ ಚಿಹ್ನೆ ಇರಬಾರದು ಎಂಬ ನಿಯಮದ ಕತೆಯೂ ಇಷ್ಟೇ. ಚಿಹ್ನೆ ಆಟೋ ಇರಲಿ, ತೆಂಗಿನಕಾಯಿ ಇರಲಿ, ಬೇತಮಂಗಲದ ಟೀ ಅಂಗಡಿಯಲ್ಲಿ ಕುಳಿತವರಿಗೆ ಯಾರು ಯಾವ ಪಾರ್ಟಿ ಎಂದು ಬಾಯಿಪಾಠ. ಪಕ್ಷ ಮರೆಯಾಗಿರುತ್ತದೆ, ಅದರ ಹೊಣೆಗಾರಿಕೆ ಮಾತ್ರ ಪೂರ್ತಿ ಮಾಯ. ಅತ್ತ ಪಕ್ಷದ ಚಿಹ್ನೆಯ ಮೇಲೆಯೇ ನಡೆಯಬೇಕಾದ ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳ ಅವಧಿ 2021ರಲ್ಲಿ ಮುಗಿದರೂ ವರ್ಷಗಟ್ಟಲೆ ಚುನಾವಣೆ ನಡೆಯಲಿಲ್ಲ. ಅದಕ್ಕಾಗಿ ಬೀದಿಗಿಳಿದ ದೊಡ್ಡ ಪಕ್ಷ ಯಾವುದೂ ನನ್ನ ಕಣ್ಣಿಗೆ ಬೀಳಲಿಲ್ಲ. ಕೆಳಗಿನಿಂದ ಹೊಸ ಮುಖಗಳು ಹತ್ತಿ ಬರುವ ಮೆಟ್ಟಿಲು ಅದೇ ಆಗಿತ್ತಲ್ಲ, ಮೇಲೆ ಕುಳಿತವರಿಗೆ ಅವಸರವೇಕೆ?

ಈಗ 2008ಕ್ಕೆ ಬರೋಣ. ಆ ವರ್ಷ ಕ್ಷೇತ್ರಗಳ ಗಡಿ ಬದಲಾಯಿತು. ಬೇತಮಂಗಲ ಕ್ಷೇತ್ರ ಅಳಿಸಿಹೋಗಿ ಅದರ ಹಳ್ಳಿಗಳು ಕೆ.ಜಿ.ಎಫ್.ಗೆ ಸೇರಿದವು. ತೆಲುಗು, ಕನ್ನಡ ಮಾತಾಡುವ ರಾಗಿ-ರೇಷ್ಮೆ ಸೀಮೆಯೂ ತಮಿಳಿನ ಗಣಿ ಲೈನ್‌ಗಳೂ ಒಂದೇ ಪೆಟ್ಟಿಗೆಗೆ ಓಟು ಹಾಕತೊಡಗಿದವು. ಅಷ್ಟರಲ್ಲಿ ಗಣಿ ಮುಚ್ಚಿ ಏಳು ವರ್ಷ. ಯೂನಿಯನ್ ಕಚೇರಿಯ ಬೆಂಚಿನಲ್ಲಿ ಕೂರುತ್ತಿದ್ದವರ ಮಕ್ಕಳು ಕತ್ತಲಲ್ಲೇ ಎದ್ದು ಬೆಂಗಳೂರಿನ ರೈಲು ಹಿಡಿಯುತ್ತಿದ್ದರು, ಮನೆಗೆ ಮರಳುವಾಗ ಮತ್ತೆ ಕತ್ತಲು. ಅಂಥವರಿಗೆ ವಾರದ ಸಭೆಗೆ ಬಾ ಎಂದರೆ ಹೇಗೆ ಬಂದಾರು? ಕೆಲಸದ ಜಾಗದಲ್ಲಿ ಬೇರು ಬಿಟ್ಟ ಪಕ್ಷಗಳು ಕೆಲಸ ಹೋದಾಗ ಒಣಗಿದವು. ಯಾರೂ ಕಿತ್ತೆಸೆಯಬೇಕಾಗಿ ಬರಲಿಲ್ಲ.

ಖಾಲಿಯಾದ ಜಾಗಕ್ಕೆ ಎಂಜಿನ್ ಇರುವ ದೊಡ್ಡ ಪಕ್ಷಗಳು ಬಂದವು. ಬರಲಿ, ಅದು ಒಳ್ಳೆಯದೇ ಆಗಬಹುದಿತ್ತು. ಆದರೆ ಅವುಗಳ ಕೆಳಗಿನ ಗಂಟೆಯ ಹಗ್ಗ ತುಂಡಾಗಿದೆ. ಇಂದು ಪಕ್ಷದ ಅಭ್ಯರ್ಥಿ ಯಾರು ಎಂಬುದನ್ನು ತೀರ್ಮಾನಿಸುವುದು ಬಿ ಫಾರಂ ಎಂಬ ಒಂದು ಹಾಳೆ. ಅದಕ್ಕೆ ಸಹಿ ಹಾಕುವವರು ರಾಬರ್ಟ್‌ಸನ್‌ಪೇಟೆಯ ಎಂ.ಜಿ. ಮಾರುಕಟ್ಟೆ ಎಲ್ಲಿದೆ ಎಂದು ತಿಳಿದಿರಬೇಕಾಗಿಲ್ಲ. ಮೂವತ್ತು ವರ್ಷ ಬಾವುಟ ಕಟ್ಟಿದವನಿಗೆ ಅಭ್ಯರ್ಥಿಯ ಹೆಸರು ಟಿವಿಯಲ್ಲಿ ಗೊತ್ತಾಗುತ್ತದೆ. ಹೀಗಿರುವಲ್ಲಿ ಮನೆತನಗಳು ಮೇಲೆ ಬರುವುದು ಆಶ್ಚರ್ಯವೇ? ಪಕ್ಷದೊಳಗೆ ಎಣಿಸುವ ಓಟು ಇಲ್ಲದಾಗ, ಯಾರನ್ನು ನಂಬಬಹುದು ಎಂಬುದಕ್ಕೆ ರಕ್ತಸಂಬಂಧವೇ ಅಗ್ಗದ ಗುರುತಿನ ಚೀಟಿ. ಆ ಮನೆಗಳಿಂದ ಬಂದ ಹೆಣ್ಣುಮಕ್ಕಳ ಯೋಗ್ಯತೆಯ ಮಾತನ್ನು ನಾನು ಆಡುತ್ತಿಲ್ಲ. ಅಷ್ಟೇ ಯೋಗ್ಯತೆಯಿರುವ, ಚಾಂಪಿಯನ್ ರೀಫ್‌ನ ಯಾವುದೋ ಲೈನಿನ ಹೆಣ್ಣುಮಗಳಿಗೆ ಯಾವ ಬಾಗಿಲಿದೆ ಎಂಬುದು ನನ್ನ ಪ್ರಶ್ನೆ.

2024ರ ಮಾರ್ಚ್‌ನಲ್ಲಿ ಕೋಲಾರದ ಲೋಕಸಭಾ ಟಿಕೆಟ್ಟಿಗಾಗಿ ಕಾಂಗ್ರೆಸ್ಸಿನಲ್ಲಿ ನಡೆದದ್ದನ್ನು ಜಿಲ್ಲೆಯ ಜನ ಮರೆತಿಲ್ಲ. ಮುನಿಯಪ್ಪನವರು ಅಳಿಯನಿಗೆ ಕೇಳಿದರು. ಶ್ರೀನಿವಾಸಪುರದ ರಮೇಶ್ ಕುಮಾರ್ ಕಡೆಯ ‘ಘಟಬಂಧನ್’ ಗುಂಪು ಬೇಡವೆಂದಿತು. ಶಾಸಕರು, ಪರಿಷತ್ತಿನ ಸದಸ್ಯರು ರಾಜೀನಾಮೆ ಪತ್ರ ಹಿಡಿದು ನಿಂತರು. ಕೊನೆಗೆ ಹೈಕಮಾಂಡ್ ಎರಡೂ ಗುಂಪಿಗೆ ಸೇರದ ಕೆ.ವಿ. ಗೌತಮ್‌ಗೆ ಟಿಕೆಟ್ ಕೊಟ್ಟಿತು, ಜೆಡಿಎಸ್‌ನ ಮಲ್ಲೇಶ್ ಬಾಬು ಗೆದ್ದರು. ಇಡೀ ಜಗಳದಲ್ಲಿ ಒಂದು ಮಾತು ಯಾರ ಬಾಯಲ್ಲೂ ಬರಲಿಲ್ಲ: ಜಿಲ್ಲೆಯ ಪಕ್ಷದ ಸದಸ್ಯರನ್ನೇ ಕರೆದು ಓಟು ಹಾಕಿಸಿಬಿಡೋಣ ಎಂದು.

ಕಾನೂನೂ ಇದಕ್ಕೆ ಅನುಕೂಲವಾಗಿಯೇ ಬೆಳೆದಿದೆ. ನಮ್ಮ ಸಂವಿಧಾನದಲ್ಲಿ ಪಕ್ಷಗಳ ಪ್ರಸ್ತಾಪ ಮೊದಲು ಬಂದದ್ದು 1985ರ 52ನೇ ತಿದ್ದುಪಡಿಯಲ್ಲಿ, ಪಕ್ಷಾಂತರ ತಡೆಯುವ ಹತ್ತನೇ ಅನುಸೂಚಿಯಾಗಿ. ಬಂದದ್ದೇ ಶಾಸಕನ ಕಿವಿ ಹಿಂಡುವ ಅಧಿಕಾರವನ್ನು ಪಕ್ಷಕ್ಕೆ ಕೊಡಲು. ಪಕ್ಷದ ಕಿವಿ ಹಿಂಡುವವರು ಯಾರು ಎಂದು ಅದು ಹೇಳಲಿಲ್ಲ. ವಿಪ್ ಬಂದರೆ ಶಾಸಕ ಲೈನಿನ ಮಾತನ್ನು ಮರೆಯಬೇಕು, ಇಲ್ಲವೇ ಕುರ್ಚಿ ಬಿಡಬೇಕು. ಹೋಗಲಿ, ಪಕ್ಷಾಂತರವಾದರೂ ನಿಂತಿತೇ? 2019ರಲ್ಲಿ 17 ಶಾಸಕರನ್ನು ಅನರ್ಹಗೊಳಿಸಿದ ಸಭಾಧ್ಯಕ್ಷರು ನಮ್ಮ ಇದೇ ರಮೇಶ್ ಕುಮಾರ್. ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಅನರ್ಹತೆಯನ್ನು ಎತ್ತಿಹಿಡಿದು, ಮತ್ತೆ ಸ್ಪರ್ಧಿಸಬಹುದು ಎಂದಿತು. ಡಿಸೆಂಬರ್‌ನ ಉಪಚುನಾವಣೆಯಲ್ಲಿ ಅವರಲ್ಲಿ ಬಹುಪಾಲು ಜನ ಹೊಸ ಪಕ್ಷದಿಂದ ಗೆದ್ದು ಬಂದರು. ಜೇಬು ದೊಡ್ಡದಿದ್ದವನಿಗೆ ಕಾನೂನು ಒಂದು ಚುನಾವಣೆಯ ಖರ್ಚು ಅಷ್ಟೇ. ಒಂಟಿ ಮನಸ್ಸಾಕ್ಷಿಯಿಂದ ಪಕ್ಷವನ್ನು ಎದುರಿಸುವವನಿಗೆ ಮಾತ್ರ ಅದು ಗೋಡೆ.

1949ರ ಜರ್ಮನಿಯ ಸಂವಿಧಾನ ಹಿಟ್ಲರನ ಬೂದಿಯಿಂದ ಎದ್ದು ಬಂದದ್ದು. ಅದರ 21ನೇ ವಿಧಿ, ಪಕ್ಷಗಳ ಒಳ ವ್ಯವಸ್ಥೆ ಪ್ರಜಾಪ್ರಭುತ್ವದ ತತ್ವಗಳಿಗೆ ಹೊಂದಿರಬೇಕು ಎನ್ನುತ್ತದೆ. ನಮ್ಮ ಕಾನೂನು ಆಯೋಗ 1999ರ ತನ್ನ 170ನೇ ವರದಿಯಲ್ಲಿ ಸುಮಾರಾಗಿ ಅದನ್ನೇ ಹೇಳಿತು, ವರದಿ ಕಪಾಟು ಸೇರಿತು. 2013ರಲ್ಲಿ ಕೇಂದ್ರ ಮಾಹಿತಿ ಆಯೋಗ ಆರು ರಾಷ್ಟ್ರೀಯ ಪಕ್ಷಗಳು ಮಾಹಿತಿ ಹಕ್ಕಿಗೆ ಒಳಪಡುತ್ತವೆ ಎಂದಿತು. ಬೇರೆ ಯಾವುದರಲ್ಲೂ ಒಮ್ಮತವಿಲ್ಲದ ಪಕ್ಷಗಳು ಅದನ್ನು ಪಾಲಿಸದಿರುವುದರಲ್ಲಿ ಒಂದಾದವು.

ಪಕ್ಷದ ಸದಸ್ಯರೇ ಅಭ್ಯರ್ಥಿಯನ್ನು ಆರಿಸಲಿ ಎಂದರೆ ರೈಲಿನಲ್ಲಿ ನಗುತ್ತಾರೆ. ‘ಸಾವಿರ ಸದಸ್ಯತ್ವದ ರಸೀದಿ ಒಬ್ಬನೇ ಕೊಂಡುಕೊಳ್ತಾನೆ ಸಾರ್.’ ನಿಜ, ಯುವ ಕಾಂಗ್ರೆಸ್ಸಿನ ಒಳ ಚುನಾವಣೆಗಳಲ್ಲಿ ಇಂಥ ದೂರುಗಳು ಕೇಳಿಬಂದವು. ನನ್ನ ಬಳಿ ಇದಕ್ಕೆ ಪೂರ್ಣ ಉತ್ತರವಿಲ್ಲ. ಆದರೆ ವಿಧಾನಸಭೆ ಚುನಾವಣೆಯಲ್ಲೂ ದುಡ್ಡು ಹಂಚುತ್ತಾರೆ, ಹಾಗಂತ ಚುನಾವಣೆಯೇ ಬೇಡ ಎಂದು ನಾವು ಹೇಳಿಲ್ಲ; ಮತದಾರರ ಪಟ್ಟಿ ಮಾಡಿದೆವು, ಆಯೋಗವನ್ನು ಕಾವಲಿಟ್ಟೆವು. ಪಕ್ಷದ ಸದಸ್ಯರ ಪಟ್ಟಿಯೂ ಬೂತ್ ಮಟ್ಟದಲ್ಲಿ ಗೋಡೆಗೆ ಅಂಟಿಸುವಂತಿರಲಿ, ಒಂದು ವರ್ಷ ಹಳೆಯ ಸದಸ್ಯನಿಗಷ್ಟೇ ಓಟು ಇರಲಿ. ಸುಳ್ಳು ಹೆಸರನ್ನು ಗುರುತಿಸಲು ಲೈನಿನ ಹೆಂಗಸರಿಗೆ ಐದು ನಿಮಿಷ ಸಾಕು.

ಗಣಿ ನಿಂತ ಮೇಲೂ ಇಲ್ಲಿಯ ಒಂದೊಂದು ಸಮಸ್ಯೆ ಮೂರು ಮನೆಗಳಲ್ಲಿ ಹಂಚಿಹೋಗಿದೆ. ಗಣಿಯ ಆಸ್ತಿ ದಿಲ್ಲಿಯದು, ಬದುಕಲು ಬೇಕಾದ ಕೈಗಾರಿಕೆ ತರಬೇಕಾದದ್ದು ಬೆಂಗಳೂರು, ನಲ್ಲಿಯಲ್ಲಿ ನೀರು ಬಿಡಬೇಕಾದದ್ದು ನಗರಸಭೆ. ಲೈನಿನ ಮುದುಕಿಯೊಬ್ಬಳು ಗಂಡನ ಹಳೆಯ ಗಣಿ ಕಾಗದಗಳನ್ನು ಹಿಡಿದು ಈ ಮೂರೂ ಕಡೆ ಅಲೆಯಲಾರಳು. ಮೂರು ಕಡೆಯೂ ಮನುಷ್ಯರಿರುವ, ಅವಳ ಬೀದಿಯಲ್ಲೂ ಒಂದು ಬೆಂಚು ಹಾಕಿರುವ ಸಂಘಟನೆಯೇ ಅವಳಿಗೆ ಬೇಕು. ಅಂಥದ್ದಕ್ಕೆ ಕನ್ನಡದಲ್ಲೂ ತಮಿಳಿನಲ್ಲೂ ಪಕ್ಷ ಅನ್ನುವುದಕ್ಕಿಂತ ಬೇರೆ ಹೆಸರು ನನಗೆ ತಿಳಿಯದು. ಸದ್ಯಕ್ಕೆ ಊರಿನ ಹುಡುಗರು ಬೆಳಗಿನ ರೈಲಿನಲ್ಲಿ ಬೆಂಗಳೂರಿಗೆ ಹೋಗುತ್ತಾರೆ. ಬಿ ಫಾರಂ, ನಾಮಪತ್ರದ ಕೊನೆಯ ದಿನದ ಹೊತ್ತಿಗೆ, ಎದುರು ದಿಕ್ಕಿನಿಂದ ಕಾರಿನಲ್ಲಿ ಬರುತ್ತದೆ.